ಜೂನೋದಲ್ಲಿ ಒಂದು ದಿನ: ದಡದ ಸುತ್ತಾಟವೋ, ರಾಫ್ಟಿಂಗೋ?

ಅಲಾಸ್ಕಾ ಕ್ರೂಸ್ ಜೂನೋದಲ್ಲಿ ನಿಂತಾಗ ಮೆಂಡೆನ್‌ಹಾಲ್ ಹಿಮನದಿಯನ್ನು ಎರಡು ಬಗೆಯಲ್ಲಿ ನೋಡಬಹುದು. ಬಸ್ಸಿನಲ್ಲಿ ಹೋದರೆ ಸಂದರ್ಶಕರ ಕೇಂದ್ರ, ಅಲ್ಲಿಂದ ಹೆಚ್ಚು ಏರಿಳಿತವಿಲ್ಲದ ದಾರಿಯಲ್ಲಿ ನಗೆಟ್ ಜಲಪಾತದ ಬುಡದವರೆಗೂ ನಡಿಗೆ. ವಯಸ್ಸಾದ ಅಪ್ಪ-ಅಮ್ಮ, ಪುಟ್ಟ ಮಕ್ಕಳು ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ.

ರಾಫ್ಟಿಂಗ್‌ನಲ್ಲಿ ಹಿಮನದಿಯೆದುರಿನ ಸರೋವರದಲ್ಲೇ ರಬ್ಬರ್ ದೋಣಿ ಹತ್ತುತ್ತೀರಿ. ಮೊದಲು ನಿಧಾನವಾಗಿ ತೇಲುವುದು, ಕೆಲವೊಮ್ಮೆ ಒಡೆದು ಬಿದ್ದ ನೀಲಿ ಮಂಜುಗಡ್ಡೆಗಳೂ ಕಾಣುತ್ತವೆ. ಆಮೇಲೆ ನದಿಯ ಸೆಳೆತ, 2–3ನೇ ದರ್ಜೆಯ ರಭಸ (ಆರು ದರ್ಜೆಗಳ ಅಳತೆಯಲ್ಲಿ ಸಾಧಾರಣ). ಬೇಸಿಗೆಯಲ್ಲೂ ನೀರು ಕೊರೆಯುತ್ತದೆ, ಆಗತಾನೇ ಕರಗಿದ ಮಂಜಲ್ಲವೇ! ಒಳಗೆ ಉಣ್ಣೆಯ ಉಡುಪು ಇರಲಿ, ಹತ್ತಿ ಬಟ್ಟೆ ಒದ್ದೆಯಾದರೆ ಚಳಿ ಬಿಡುವುದಿಲ್ಲ.

ಮಳೆ ಎರಡಕ್ಕೂ ತಪ್ಪದು. ಮಂಡಿ, ಬೆನ್ನು ಗಟ್ಟಿಯಿದ್ದರೆ ನನ್ನ ಮತ ನದಿಗೇ.