ಹಾಡುವ ಹಾಸ್ಯ ಸರಣಿ: ಮೊದಲು ಯಾವುದನ್ನು ನೋಡಬೇಕು?

ವಾರಾಂತ್ಯದಲ್ಲಿ ಮುಗಿಯುವಂಥದ್ದು ಬೇಕೆಂದರೆ 2021ರ ‘ಶ್ಮಿಗಡೂನ್’ ಹಿಡಿಯಿರಿ. ಮೊದಲ ಸೀಸನ್‌ನಲ್ಲಿ ಸುಮಾರು ಅರ್ಧ ಗಂಟೆಯ 6 ಕಂತುಗಳಷ್ಟೇ. ನ್ಯೂಯಾರ್ಕ್‌ನ ವೈದ್ಯ ಜೋಡಿಯೊಂದು ಸೇತುವೆ ದಾಟಿ, ಊರಿಗೆ ಊರೇ ಹಾಡುವ ಜಾಗಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. ನಿಜವಾದ ಪ್ರೀತಿ ಸಿಗುವವರೆಗೆ ಬಿಡುಗಡೆಯಿಲ್ಲ. ಈ ಜೋಡಿಯಲ್ಲಿ ಮೆಲಿಸ್ಸಾಗೆ ಸಂಗೀತ ನಾಟಕವೆಂದರೆ ಪ್ರಾಣ, ಜೋಶ್‌ಗೆ ಕಿರಿಕಿರಿ. ಬಣ್ಣ, ಕುಣಿತ ಎಲ್ಲವೂ ಕಣ್ಣಿಗೆ ಹಬ್ಬ. ಆದರೆ 1940–50ರ ದಶಕದ ಅಮೆರಿಕದ ಸಂಗೀತ ನಾಟಕಗಳ ಪರಿಚಯವಿಲ್ಲದವರಿಗೆ ಅರ್ಧ ಹಾಸ್ಯ ಕೈಜಾರುತ್ತದೆ.

ನನ್ನ ಮನಸ್ಸು ಮಾತ್ರ ‘ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್’ ಕಡೆಗೆ. 2015ರಿಂದ 2019ರವರೆಗೆ ನಡೆದ ಇದಕ್ಕೆ 62 ಕಂತುಗಳು, ತಾಳ್ಮೆ ಬೇಕು. ವಕೀಲೆ ರೆಬೆಕಾ ತನ್ನ ಹದಿಹರೆಯದ ದಿನಗಳ ಗೆಳೆಯನ ಬೆನ್ನುಹತ್ತಿ ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಾದ ವೆಸ್ಟ್ ಕೊವೀನಾಕ್ಕೆ ಹೋಗುತ್ತಾಳೆ. ಇಲ್ಲಿ ಹಾಡು ಹುಟ್ಟುವುದು ಅವಳ ತಲೆಯೊಳಗೆ. ಮೊದಲ ಕಂತಿನಲ್ಲೇ ಬೀದಿ ತುಂಬ ಕುಣಿಯುತ್ತಾಳೆ. ಆ ಸಂಭ್ರಮದ ಅಡಿಯಲ್ಲಿ ಒಂಟಿತನ ಇಣುಕುತ್ತದೆ. ಪ್ರೀತಿಗಾಗಿ ಬಂದೆನೆಂದು ಅವಳು ತನಗೂ ಒಪ್ಪಿಕೊಳ್ಳುವುದಿಲ್ಲ, ಹಾಡು ಅದನ್ನು ಹೊರಗೆಡಹುತ್ತದೆ. ರೇಚಲ್ ಬ್ಲೂಮ್ ಮುಖ್ಯ ಪಾತ್ರವನ್ನೂ ಮಾಡಿ, ಹಾಡುಗಳ ರಚನೆಯಲ್ಲೂ ಕೈಜೋಡಿಸಿದ್ದಾರೆ; ಎಷ್ಟು ದೊಡ್ಡ ಪ್ರತಿಭೆ!

ಮನೆಮಂದಿಯೆಲ್ಲ ಕೂತು ನೋಡುವುದಕ್ಕೆ ಇದು ಹೊಂದುವುದಿಲ್ಲ. ಮಾತು ಬಿಚ್ಚು, ಮೂರನೆಯ ಸೀಸನ್‌ನಲ್ಲಿ ಆತ್ಮಹತ್ಯೆಯ ಯತ್ನವೂ ಬರುತ್ತದೆ. ಆ ವಿಷಯ ನೋಯಿಸುವಂತಿದ್ದರೆ ಶ್ಮಿಗಡೂನ್ ಸಾಕು. ಇಲ್ಲವಾದರೆ ರೆಬೆಕಾಳಿಗೆ ಮೊದಲ ನಾಲ್ಕು ಕಂತುಗಳ ಅವಕಾಶ ಕೊಡಿ.