ಒಂದು ಐಪಿ, ಮೂರು ಸರ್ವರ್: ಲಕೋಟೆ ಒಡೆಯುವವರು ಯಾರು?

ನಮ್ಮ ಮನೆಯ ಇಂಟರ್ನೆಟ್ ಸಂಪರ್ಕಕ್ಕೆ ಇರುವುದು ಒಂದೇ ಸ್ಥಿರ ಐಪಿ ವಿಳಾಸ. ಅದರ ಹಿಂದೆ ಯಂತ್ರಗಳು ಮೂರು: ನನ್ನ ಬ್ಲಾಗ್ ನಡೆಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಮನೆಮಂದಿಯ ಫೋಟೊಗಳಿಗಾಗಿ ನೆಕ್ಸ್ಟ್‌ಕ್ಲೌಡ್ (ಕಡತಗಳನ್ನು ನಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳುವ ತಂತ್ರಾಂಶ) ಹಾಕಿಟ್ಟ ಹಳೆಯ ಲ್ಯಾಪ್‌ಟಾಪ್, ಮಹಡಿಯಲ್ಲಿ ಬಾಡಿಗೆಗಿರುವ ಗೆಳೆಯನ ಸರ್ವರ್. ಮೂರಕ್ಕೂ ಬೇರೆ ಬೇರೆ ಹೆಸರು, ಹೆಬ್ಬಾಗಿಲು ಮಾತ್ರ ಒಂದೇ. ವಠಾರದಲ್ಲಿ ಬೆಳೆದವರಿಗೆ ಈ ಪೇಚು ಹೊಸದಲ್ಲ. ಒಂದು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ.

ಮೊದಲು ರೂಟರ್‌ನಲ್ಲೇ ಪೋರ್ಟ್‌ಗಳನ್ನು, ಅಂದರೆ ಒಂದೇ ವಿಳಾಸದ ಸಂಖ್ಯೆ ಹಾಕಿದ ಬಾಗಿಲುಗಳನ್ನು, ಹಂಚಿದೆ. 443 ಬ್ಲಾಗಿಗೆ, 8443 ಫೋಟೊಗಳಿಗೆ, 9443 ಮಹಡಿಗೆ. ಹತ್ತು ನಿಮಿಷದ ಕೆಲಸ, ಒಂದು ವಾರದ ಸುಖ. ವಿಳಾಸದ ಕೊನೆಗೆ 8443 ಸೇರಿಸಬೇಕೆಂದು ಅಮ್ಮನಿಗೆ ಹೇಳಿಕೊಟ್ಟೆ. ತಂಗಿಯ ಕಚೇರಿಯ ಫೈರ್‌ವಾಲ್‌ಗೆ ಹೇಳಿಕೊಡುವವರು ಯಾರು? ಅಲ್ಲಿ ವೆಬ್‌ನ ಮಾಮೂಲಿ ಪೋರ್ಟ್‌ಗಳಾದ 80 ಮತ್ತು 443 ಬಿಟ್ಟು ಉಳಿದುದೆಲ್ಲ ಬಂದ್. ಸಾಲದ್ದಕ್ಕೆ, ತಾಣದ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಪರಿಶೀಲನೆ ಬರುವುದು 80ನೇ ಪೋರ್ಟಿಗೆ. ಅದನ್ನು ಒಂದೇ ಯಂತ್ರಕ್ಕೆ ಕೊಟ್ಟಾಗಿತ್ತು. ಉಳಿದೆರಡು ಪ್ರಮಾಣಪತ್ರವಿಲ್ಲದೆ ಕುಳಿತವು.

ಆಮೇಲೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರನ್ನು ರಿವರ್ಸ್ ಪ್ರಾಕ್ಸಿಯಾಗಿ, ಅಂದರೆ ಹೆಬ್ಬಾಗಿಲಿನ ಮಧ್ಯವರ್ತಿಯಾಗಿ, ನಿಲ್ಲಿಸಿದೆ. ಪ್ರತಿ ವಿನಂತಿಯಲ್ಲೂ ಯಾವ ತಾಣ ಬೇಕೆಂದು ಬ್ರೌಸರ್ ಬರೆಯುವ 'ಹೋಸ್ಟ್' ಸಾಲು, ವೆಬ್ ಪುಟ ಕೇಳಿ ಕೊಡುವ ನಿಯಮಾವಳಿಯಾದ ಎಚ್‌ಟಿಟಿಪಿಯ 1.1ನೇ ಆವೃತ್ತಿಯಿಂದ ಕಡ್ಡಾಯ. ರಿವರ್ಸ್ ಪ್ರಾಕ್ಸಿ ಅದನ್ನು ಓದಿ ಒಳಗಿನ ಯಂತ್ರಕ್ಕೆ ದಾಟಿಸುತ್ತದೆ. ವೇಗದ ಬಗ್ಗೆ ದೂರಿಲ್ಲ. ಆದರೆ ಎಲ್ಲವನ್ನೂ ನಾವೇ ಹೇಳಬೇಕು. ಹೇಳದೆ ಬಿಟ್ಟಿದ್ದು ಒಂದು ದಿನ ಎದುರು ನಿಲ್ಲುತ್ತದೆ. ಅಪ್‌ಲೋಡ್ ಮಿತಿ ಹೇಳದಿದ್ದರೆ ಅದು ಒಂದು ಮೆಗಾಬೈಟ್. ಅಮ್ಮ ಕಳುಹಿಸಿದ ಮದುವೆಯ ಫೋಟೊಗಳೆಲ್ಲ 413 ಎಂಬ ದೋಷಸಂಖ್ಯೆ ಹೊತ್ತು ಹಿಂದಿರುಗಿದವು. ಡಿಫಾಲ್ಟ್ ತಾಣ ಗುರುತಿಸದಿದ್ದರೆ, ಗೊತ್ತಿಲ್ಲದ ಹೆಸರು ಹೇಳಿ ಬಂದವರಿಗೂ ಕಡತದಲ್ಲಿ ಮೊದಲಿರುವ ತಾಣವೇ ತೆರೆಯುತ್ತದೆ. ನನ್ನಲ್ಲಿ ಮೊದಲಿದ್ದುದು ಫೋಟೊಗಳ ಲಾಗಿನ್ ಪುಟ! ಇದಕ್ಕಿಂತ ನಾಚಿಕೆಯ ಕಥೆ ಪ್ರಮಾಣಪತ್ರದ್ದು. ಪ್ರಮಾಣಪತ್ರ ನವೀಕರಿಸುವ ಸಾಧನ ಸರ್ಟ್‌ಬಾಟ್ ಹೊಸದನ್ನು ತಂದು ಡಿಸ್ಕಿನಲ್ಲಿ ಇಟ್ಟಿತ್ತು, ಎನ್‌ಜಿನ್‌ಎಕ್ಸ್‌ಗೆ ಮಾತ್ರ ಯಾರೂ ರೀಲೋಡ್ ಹೇಳಿರಲಿಲ್ಲ. ಅದು ಹಳೆಯದನ್ನೇ ತೋರಿಸುತ್ತಾ ಕುಳಿತು, ಅದರ 90 ದಿನದ ಅವಧಿ ಮುಗಿದ ಬೆಳಿಗ್ಗೆ ಬ್ರೌಸರ್‌ನ ಎಚ್ಚರಿಕೆಯಿಂದ ಮೂರೂ ತಾಣಗಳು ಕೆಂಪಾದವು.

ಮೂರನೆಯದು ಕ್ಯಾಡಿ ಎಂಬ ಇನ್ನೊಂದು ವೆಬ್ ಸರ್ವರ್. ಅದರಲ್ಲಿ ಇಷ್ಟೂ ಕೆಲಸ ತಾಣಕ್ಕೆ ಎರಡು ಮೂರು ಸಾಲಿನಲ್ಲಿ ಮುಗಿಯಿತು. ಪ್ರಮಾಣಪತ್ರ ತರುವುದು, ನವೀಕರಿಸುವುದು, ವೆಬ್‌ಸಾಕೆಟ್ (ತೆರೆದೇ ಇರುವ ಇಬ್ಬದಿಯ ಸಂಪರ್ಕ) ದಾಟಿಸುವುದು, ಬಂದವರ ನಿಜವಾದ ಐಪಿಯನ್ನು ಒಳಗಿನವರಿಗೆ ತಿಳಿಸುವುದು, ಎಲ್ಲ ತಾನಾಗಿಯೇ. ತನಗೆ ಗೊತ್ತಿಲ್ಲದ ಹೆಸರಿನಲ್ಲಿ ಎಚ್‌ಟಿಟಿಪಿಎಸ್ ಸಂಪರ್ಕ ಕೇಳಿದವರಿಗೆ ಬಾಗಿಲನ್ನೇ ತೆರೆಯುವುದಿಲ್ಲ. 80ನೇ ಪೋರ್ಟಿನ ಬದಲು ಡಿಎನ್‌ಎಸ್ (ಹೆಸರನ್ನು ಐಪಿಗೆ ಜೋಡಿಸುವ ವ್ಯವಸ್ಥೆ) ಮೂಲಕ ಪರಿಶೀಲನೆ ಬೇಕೆಂದರೆ ಪ್ಲಗಿನ್ ಸೇರಿಸಿ ಹೊಸದಾಗಿ ಬಿಲ್ಡ್ ಮಾಡಿಕೊಳ್ಳಬೇಕಾದುದು ಕಿರಿಕಿರಿ. ಎನ್‌ಜಿನ್‌ಎಕ್ಸ್‌ಗೆ ಮರಳುವ ಮನಸ್ಸು ಮಾತ್ರ ನನಗೆ ಬಂದಿಲ್ಲ. (ಯಾವ ಸಾಧನ ಬಳಸಿದರೂ ಒಂದು ಎಚ್ಚರ: ಪ್ರಮಾಣಪತ್ರ ಪಡೆದ ಪ್ರತಿ ಹೆಸರೂ ಸಾರ್ವಜನಿಕ ದಾಖಲೆ ಸೇರುತ್ತದೆ. ಗುಟ್ಟಿನ ಸಬ್‌ಡೊಮೈನ್ ಎಂದು ನಾನು ನಂಬಿದ್ದಲ್ಲಿಗೆ ಬಾಟ್‌ಗಳು ಅದೇ ದಿನ ಬಂದಿದ್ದವು.)

ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮಹಡಿಯ ಗೆಳೆಯ ತಕರಾರು ತೆಗೆದ. ಎಚ್‌ಟಿಟಿಪಿಎಸ್‌ನಲ್ಲಿ ಹೋಸ್ಟ್ ಸಾಲು ಇರುವುದು ಮುಚ್ಚಿದ ಲಕೋಟೆಯ, ಅಂದರೆ ಗೂಢಲಿಪಿಯ, ಒಳಗೆ; ಪ್ರಾಕ್ಸಿ ಅದನ್ನು ಓದಬೇಕಾದರೆ ಲಕೋಟೆ ಒಡೆಯಲೇಬೇಕು. ಅಂದರೆ ಅವನ ತಾಣದ ಖಾಸಗಿ ಕೀಲಿ ನನ್ನ ಯಂತ್ರದಲ್ಲಿ, ಅವನ ಬಳಕೆದಾರರ ಪಾಸ್‌ವರ್ಡ್ ನನ್ನ ಮೆಮೊರಿಯಲ್ಲಿ. "ನಿನ್ನ ಮೇಲೆ ನಂಬಿಕೆ ಇದೆ, ನಿನ್ನ ಬ್ಯಾಕಪ್ ಡಿಸ್ಕಿನ ಮೇಲೆ ಇಲ್ಲ" ಎಂದ. ನ್ಯಾಯವೇ.

ಹಾಗೆ ನಾಲ್ಕನೆಯ ದಾರಿಯಾಗಿ ಎಚ್‌ಎ ಪ್ರಾಕ್ಸಿ ಎಂಬ ಮಧ್ಯವರ್ತಿ ತಂತ್ರಾಂಶ ಬಂತು. ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ ಪದರ) ಸಂಪರ್ಕದ ಮೊದಲ ಸಂದೇಶದಲ್ಲೇ ಬ್ರೌಸರ್ ತಾಣದ ಹೆಸರನ್ನು ಬಯಲಾಗಿ ಹೇಳುತ್ತದೆ. ಇದೇ ಎಸ್‌ಎನ್‌ಐ (ಸರ್ವರ್ ನೇಮ್ ಇಂಡಿಕೇಶನ್), ಟಿಎಲ್‌ಎಸ್‌ಗೆ 2003ರಿಂದ ಇರುವ ವಿಸ್ತರಣೆ. ಟಿಸಿಪಿ ಮೋಡ್‌ನಲ್ಲಿ ಎಚ್‌ಎ ಪ್ರಾಕ್ಸಿ ಲಕೋಟೆಯ ಮೇಲಿನ ಈ ಹೆಸರನ್ನಷ್ಟೇ ಓದಿ, ಒಡೆಯದೆ ಮುಂದೆ ಸಾಗಿಸುತ್ತದೆ. ಕೀಲಿ ಮಹಡಿಯಲ್ಲೇ ಉಳಿಯುತ್ತದೆ.

ಉತ್ಸಾಹದಲ್ಲಿ ನನ್ನ ಎರಡು ತಾಣಗಳನ್ನೂ ಹೀಗೆಯೇ ಬಿಟ್ಟೆ, ಎಲ್ಲ ಸಬ್‌ಡೊಮೈನ್‌ಗಳಿಗೂ ಸಲ್ಲುವ ಒಂದೇ ವೈಲ್ಡ್‌ಕಾರ್ಡ್ ಪ್ರಮಾಣಪತ್ರವನ್ನು ಎರಡೂ ಯಂತ್ರಗಳಿಗೆ ಹಾಕಿ. ಬ್ಲಾಗ್ ತೆರೆದು ನಂತರ ಫೋಟೊ ತೆರೆದರೆ 421 ದೋಷ, ಅಂದರೆ ವಿನಂತಿ ತಪ್ಪು ಸರ್ವರ್‌ಗೆ ಬಂದಿದೆ ಎಂಬ ದೂರು. ಮೊದಲು ಫೋಟೊ ತೆರೆದರೆ ಬ್ಲಾಗಿಗೆ ಅದೇ ಗತಿ. ಎರಡು ರಾತ್ರಿ ಹೋದವು. ಕಾರಣ ಎಚ್‌ಟಿಟಿಪಿ 2: ಎರಡೂ ಹೆಸರಿನ ಐಪಿ ಒಂದೇ, ಪ್ರಮಾಣಪತ್ರವೂ ಒಂದೇ ಎಂದು ಕಂಡ ಬ್ರೌಸರ್ ಹಳೆಯ ಸಂಪರ್ಕವನ್ನೇ ಮರುಬಳಸುತ್ತದೆ. ಹೊಸ ಸಂಪರ್ಕವಿಲ್ಲದ ಮೇಲೆ ಹೊಸ ಎಸ್‌ಎನ್‌ಐ ಎಲ್ಲಿಂದ ಬರಬೇಕು? ಪತ್ರ ಪಕ್ಕದ ಮನೆಗೆ ಹೋಗುತ್ತಿತ್ತು. ಪ್ರತಿ ತಾಣಕ್ಕೂ ಪ್ರತ್ಯೇಕ ಪ್ರಮಾಣಪತ್ರ ಕೊಟ್ಟ ಮೇಲೆ ಸರಿಹೋಯಿತು. ಇನ್ನೊಂದು ಕೊರತೆ, ಒಡೆಯದ ಲಕೋಟೆಯೊಳಗೆ ಬಂದವರ ಐಪಿಯನ್ನು ಬರೆದು ಸೇರಿಸಲಾಗದು. ಅದಕ್ಕೆ ಲಕೋಟೆಯ ಮುಂದೆ ಐಪಿಯ ಚೀಟಿ ಇಟ್ಟು ಕಳುಹಿಸುವ ಪ್ರಾಕ್ಸಿ ಪ್ರೋಟೊಕಾಲ್ ಬೇಕು, ಒಳಗಿನ ಸರ್ವರ್‌ಗೂ ಅದು ಅರ್ಥವಾಗಬೇಕು.

ಇವೆಲ್ಲಕ್ಕೂ ಮೊದಲು ರೂಟರ್‌ನ ಹೊರಮುಖದ ವಿಳಾಸ ನೋಡಿಕೊಳ್ಳಿ. ಅದು 100.64ರಿಂದ 100.127ರೊಳಗೆ ಶುರುವಾದರೆ ನೀವು ಸಂಪರ್ಕ ಕೊಟ್ಟವರ ನ್ಯಾಟ್‌ನ (ಹಲವು ಗ್ರಾಹಕರಿಗೆ ಒಂದೇ ಐಪಿ ಹಂಚುವ ವ್ಯವಸ್ಥೆಯ) ಹಿಂದಿದ್ದೀರಿ; ಮೇಲಿನ ಯಾವ ದಾರಿಯೂ ನೇರವಾಗಿ ನಡೆಯದು.

ಈಗ ಮುಂದೆ ಎಚ್‌ಎ ಪ್ರಾಕ್ಸಿ ನಿಂತಿದೆ. ಗೆಳೆಯನ ಹೆಸರು ಹೇಳಿದವರು ನೇರ ಮಹಡಿಗೆ, ಉಳಿದವರು ಪ್ರಾಕ್ಸಿ ಪ್ರೋಟೊಕಾಲ್ ಸಮೇತ ಕ್ಯಾಡಿಗೆ. ಒಬ್ಬನೇ ಬಳಸುವುದಾಗಿದ್ದರೆ ಕ್ಯಾಡಿಯೊಂದೇ ಸಾಕಿತ್ತು. ಕಳೆದ ತಿಂಗಳು ಅವನ ಪ್ರಮಾಣಪತ್ರದ ಅವಧಿ ಮುಗಿದಾಗ ದೂರು ನನಗೆ ಬಂತು. ಮೆಟ್ಟಿಲು ತೋರಿಸಿದೆ.