ಬಂದರಿನ ತಟ್ಟೆ ನೋಡೋಕೆ ಚಿಕ್ಕಮಗಳೂರಿನಲ್ಲಿ ತಗೊಂಡ ಲೆನ್ಸ್

ಚಿಕ್ಕಮಗಳೂರು ಪೇಟೆಯ ಒಂದು ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 10 ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್ ತಗೊಂಡೆ. ಕಾಫಿ ಗಿಡದ ಹುಳ ನೋಡೋಕಾ ಅಂತ ಅಂಗಡಿಯವರು ಕೇಳಿದರು. ಅಲ್ಲ, ನನ್ನ ಕೆಲಸ ಮಂಗಳೂರಿನ ಪಣಂಬೂರು ಬಂದರಿನಲ್ಲಿ, ಹಡಗಿನ ಜೊತೆ ಬರುವ ಹೊರಗಿನ ಜೀವಿಗಳನ್ನು ಹುಡುಕೋದು. ಹಿಂದೆ ನಮ್ಮ ಕುದುರೆಮುಖದ ಅದಿರು ಪೈಪಿನಲ್ಲಿ ಇಳಿದು ಹೋಗುತ್ತಿತ್ತಲ್ಲ, ಅಲ್ಲೇ.

ಹಡಗಿನ ಓಡಾಟ ಜಾಸ್ತಿ ಇರುವ ಕಡೆ ಕಂಬಗಳ ಹತ್ತಿರ ಮುಳುಗಿ ನೋಡೋದು ಅಪಾಯ. ಅದಕ್ಕೆ ಪಿವಿಸಿ ತಟ್ಟೆಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟು, ಕೆಲವು ತಿಂಗಳಾದ ಮೇಲೆ ಎತ್ತಿ, ಏನೇನು ಅಂಟಿಕೊಂಡಿದೆ ಅಂತ ಎಣಿಸುತ್ತೇವೆ. ಹಡಗಿನ ತಳದಲ್ಲಿ, ಸಮತೋಲಕ್ಕೆ ಅಂತ ಹಡಗು ತುಂಬಿಕೊಳ್ಳುವ ಬ್ಯಾಲಾಸ್ಟ್ ನೀರಿನಲ್ಲಿ ಹೊರಗಿನ ಜೀವಿಗಳು ಬರುತ್ತವೆ. 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಕಪ್ಪು ಪಟ್ಟೆಯ ಸಣ್ಣ ಚಿಪ್ಪುಜೀವಿಯೊಂದು ಸಿಕ್ಕಾಗ, ದೋಣಿ ನಿಲ್ಲುವ ಮೂರು ಕಟ್ಟೆಗಳನ್ನು ಮುಚ್ಚಿ, ಬ್ಲೀಚ್ ಮತ್ತು ನಾವು ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ ಹಾಕುವ ಅದೇ ಮೈಲುತುತ್ತ ಸುರಿದು ಅದನ್ನು ಪೂರ್ತಿ ತೆಗೆದರು. ಬೇಗ ಕಣ್ಣಿಗೆ ಬಿದ್ದಿದ್ದೇ ದೊಡ್ಡದು, ಅಲ್ವಾ?

ಲೆನ್ಸ್ ನಿಜಕ್ಕೂ ಚೆನ್ನಾಗಿದೆ. ಗುಂಪಾಗಿ ಅಂಟಿಕೊಂಡು ಬೆಳೆಯುವ ಪುಟ್ಟ ಪ್ರಾಣಿಗಳಾದ ಬ್ರಯೋಜೋವನ್‌ಗಳ ಗೂಡು ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು, ಬರಿಗಣ್ಣಿಗೆ ಸುಮ್ನೆ ಬಿಳಿ ಕಲೆ. ಇದರಲ್ಲಿ ಜಾಲರಿಯ ಹಾಗೆ ಕಾಣುತ್ತದೆ. ಹಡಗಿನ ತಳಕ್ಕೆ ಅಂಟುವ ಗಟ್ಟಿ ಚಿಪ್ಪಿನ ಜೀವಿ ಬಾರ್ನಕಲ್‌ ಅನ್ನು ಸಮುದ್ರದ ನೀರಿನ ಟ್ರೇನಲ್ಲಿಟ್ಟು ಸ್ವಲ್ಪ ಕಾದರೆ, ಬಾಗಿಲು ತೆರೆದು ಗರಿಯಂಥ ಕಾಲು ಬೀಸುತ್ತದೆ. ಸೀಗಡಿಯ ನೆಂಟ ಅನ್ನೋದು ಆಗ ನಂಬಿಕೆಯಾಗುತ್ತದೆ.

ತೊಂದರೆ ಒಂದೇ. ಎರಡನೇ ಸಲಕ್ಕೇ ಸ್ಕ್ರೂ ತುಕ್ಕು ಹಿಡಿಯಿತು. ಅಂಗಡಿಯವರು ಮಾತಿಲ್ಲದೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಕೊಟ್ಟರು. ಉಪ್ಪುನೀರಿಗೆ ಒಯ್ಯುವವರು ಮೊದಲೇ ಕೇಳಿ ಹಾಕಿಸಿಕೊಳ್ಳಿ.